ಉಪ್ಪುನೀರಿನಲ್ಲಿ ಮೊಳೆತ ಜೋಳ: ಪ್ರಯೋಗವನ್ನು ಪ್ರಬಂಧವಾಗಿ ಬರೆಯುವುದು ಹೇಗೆ?

ಪ್ರಶ್ನೆ: ನಾವು ವಿಜಯಪುರದ ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿಗಳು. ಜೋಳದ ಬೀಜಗಳನ್ನು ಬೇರೆ ಬೇರೆ ಸಾಂದ್ರತೆಯ ಉಪ್ಪುನೀರಿನಲ್ಲಿ ಮೊಳೆಯಲು ಇಟ್ಟು ಲೆಕ್ಕ ತೆಗೆದುಕೊಂಡಿದ್ದೇವೆ. ಜರ್ನಲ್ ಪುಸ್ತಕದಲ್ಲಿ ಎಲ್ಲವೂ ಇದೆ. ಇದನ್ನು ಸಂಶೋಧನಾ ಪ್ರಬಂಧವಾಗಿ ಬರೆಯುವುದು ಹೇಗೆ? ಪೀಠಿಕೆಯ ಮೊದಲ ಪುಟವೇ ಮುಗಿಯುತ್ತಿಲ್ಲ.

ಉತ್ತರ: ಪೀಠಿಕೆಯನ್ನು ಸದ್ಯಕ್ಕೆ ಬದಿಗಿಡಿ. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಕ್ರಮ ಇರುವುದು ಓದುವವರ ಅನುಕೂಲಕ್ಕೆ. ಬರೆಯುವವರು ಅದೇ ಕ್ರಮದಲ್ಲಿ ನಡೆಯಬೇಕಿಲ್ಲ. ಮೊದಲು ಒಂದು ನಕ್ಷೆ ಬರೆಯಿರಿ: ಅಡ್ಡಗೆರೆಯಲ್ಲಿ ಉಪ್ಪಿನ ಸಾಂದ್ರತೆ, ನಿಲುವುಗೆರೆಯಲ್ಲಿ ಮೊಳೆತ ಬೀಜಗಳ ಶೇಕಡಾವಾರು. ಅದರಲ್ಲಿ ಕಂಡದ್ದನ್ನು ಒಂದೇ ವಾಕ್ಯದಲ್ಲಿ ಹೇಳಲು ಬಂದರೆ ನಿಮ್ಮ ಪ್ರಬಂಧ ನಿಮಗೆ ಸಿಕ್ಕಿತು. ಉಳಿದ ಪುಟಗಳೆಲ್ಲ ಆ ವಾಕ್ಯವನ್ನು ನಂಬಬಹುದೇ, ಎಷ್ಟರ ಮಟ್ಟಿಗೆ ನಂಬಬಹುದು ಎಂಬುದಕ್ಕೆ ಮೀಸಲು.

ನಕ್ಷೆಯ ನಂತರ ವಿಧಾನ. ವಿದ್ಯಾರ್ಥಿಗಳು ಅತ್ಯಂತ ಅವಸರದಲ್ಲಿ ಮುಗಿಸುವ ಭಾಗ ಇದು, ನನ್ನ ದೃಷ್ಟಿಯಲ್ಲಿ ಪ್ರಬಂಧದ ಜೀವವೂ ಇದೇ. ಜರ್ನಲ್ ಪುಸ್ತಕ ‘ದ್ರಾವಣ ತಯಾರಿಸಿ, ಬೀಜ ಇಡಿ’ ಎಂದು ಆಜ್ಞೆ ಕೊಡುತ್ತದೆ. ಪ್ರಬಂಧ ನೀವು ನಿಜವಾಗಿ ಏನು ಮಾಡಿದಿರಿ ಎಂಬುದನ್ನು ಭೂತಕಾಲದಲ್ಲಿ ಹೇಳಬೇಕು. ಮುಧೋಳದ ಒಬ್ಬ ವಿದ್ಯಾರ್ಥಿನಿ ನಿಮಗೆ ಫೋನ್ ಮಾಡದೆ, ಬರೆದದ್ದನ್ನು ಓದಿಯೇ ಇದೇ ಪ್ರಯೋಗವನ್ನು ಮತ್ತೆ ಮಾಡುವಂತಿರಬೇಕು.

‘ಬಿಳಿಜೋಳ’ ಎಂದಷ್ಟೇ ಬರೆದರೆ ಆಕೆಗೆ ದಾರಿ ಸಿಗುವುದಿಲ್ಲ. ಯಾವ ತಳಿ, ಬೀಜ ಎಲ್ಲಿಯದು, ಯಾವ ವರ್ಷದ ಸುಗ್ಗಿಯದು ಎಂದು ತಿಳಿಸಿ. ನಮ್ಮ ಹಿಂಗಾರಿ ಹೊಲಗಳಲ್ಲಿ ಇಂದಿಗೂ ಹೆಸರುವಾಸಿಯಾದ ಎಂ 35-1 ತಳಿ, 1930ರ ದಶಕದಲ್ಲಿ ಮಹಾರಾಷ್ಟ್ರದ ಮೋಹೋಳದಲ್ಲಿ ಮಾಲದಂಡಿ ಎಂಬ ನಾಟಿ ಜೋಳದಿಂದ ಆಯ್ದದ್ದು. ಸಂಕರಣ ತಳಿಯೊಂದು ಅದರಂತೆಯೇ ಉಪ್ಪನ್ನು ತಾಳುತ್ತದೆ ಎಂದು ಭಾವಿಸಲಾಗದು.

‘ಕೋಣೆಯ ಉಷ್ಣತೆಯಲ್ಲಿ ಇಡಲಾಯಿತು’ ಎಂಬ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ವಿಜಯಪುರದ ಮೇ ತಿಂಗಳ ಕೋಣೆಯೂ ಬೆಳಗಾವಿಯ ಡಿಸೆಂಬರ್ ಕೋಣೆಯೂ ಒಂದೇ ಅಲ್ಲ. ಜೋಳದ ಮೊಳಕೆ ಪರೀಕ್ಷೆಗೆ ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘದ ನಿಯಮದಲ್ಲಿರುವ ಸ್ಥಿರ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್. ಮೊದಲ ಎಣಿಕೆ 4ನೆಯ ದಿನ, ಕೊನೆಯದು 10ನೆಯ ದಿನ. ನಿಮ್ಮಲ್ಲಿ ಇನ್‌ಕ್ಯುಬೇಟರ್ ಇಲ್ಲದಿದ್ದರೆ ಅದೇನೂ ಅವಮಾನವಲ್ಲ. ಥರ್ಮಾಮೀಟರಿನಲ್ಲಿ ಕಂಡ ಕನಿಷ್ಠ, ಗರಿಷ್ಠ ಅಂಕಿಗಳನ್ನು ಕೊಟ್ಟರೆ ಸಾಕು.

ನಮ್ಮ ಬಿಸಿಲಿನಲ್ಲಿ ಇನ್ನೊಂದು ತೊಡಕಿದೆ. ಬೀಜ ಇಟ್ಟ ಪೆಟ್ರಿ ತಟ್ಟೆಯ (ಪ್ರಯೋಗಾಲಯದ ಚಪ್ಪಟೆ ತಟ್ಟೆ) ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಲೀಟರಿಗೆ 5.84 ಗ್ರಾಂ ಸೋಡಿಯಂ ಕ್ಲೋರೈಡ್ ಹಾಕಿ ನೀವು ಮಾಡಿದ 100 ಮಿಲಿಮೋಲಾರ್ ದ್ರಾವಣ ಮೂರನೆಯ ದಿನಕ್ಕೆ 100 ಆಗಿಯೇ ಉಳಿದಿರುವುದಿಲ್ಲ. ತಟ್ಟೆಗೆ ಎಷ್ಟು ಮಿಲಿಲೀಟರ್ ಹಾಕಿದಿರಿ, ಅಂಚು ಮುಚ್ಚಿದಿರಾ, ಮತ್ತೆ ಏನನ್ನು ಎಷ್ಟು ಸೇರಿಸಿದಿರಿ ಎಂಬುದೆಲ್ಲ ಬರಬೇಕು. ಉಪ್ಪು ಹಾಕದ ಹೋಲಿಕೆಯ ತಟ್ಟೆಗೆ ಭಟ್ಟಿ ಇಳಿಸಿದ ನೀರನ್ನೇ ಬಳಸಿದಿರಾ? ಕೊಳವೆಬಾವಿಯ ನೀರಾಗಿದ್ದರೆ ಅದರಲ್ಲೇ ಲವಣಗಳಿರುತ್ತವೆ; ಆಗ ಅದರ ವಿದ್ಯುತ್ ವಾಹಕತೆಯನ್ನು (ಲವಣ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ) ಅಳೆದು ಹಾಗೆಯೇ ನಮೂದಿಸಿ. ಯಾವ ಬೀಜವನ್ನು ಮೊಳೆತದ್ದೆಂದು ಎಣಿಸಿದಿರಿ ಎಂಬುದನ್ನೂ ಹೇಳಿ. ಬೇರಿನ ತುದಿ 2 ಮಿಲಿಮೀಟರ್ ಹೊರಬಂದಿರಬೇಕು ಎಂಬ ಅಳತೆಯನ್ನು ಹಲವರು ಬಳಸುತ್ತಾರೆ.

ಎಣಿಕೆಯ ವಿಷಯಕ್ಕೆ ಬಂದಾಗ ಒಂದು ತಪ್ಪು ಇಡೀ ಶ್ರಮವನ್ನೇ ನುಂಗಿಬಿಡುತ್ತದೆ. ಒಂದು ಸಾಂದ್ರತೆಗೆ ಒಂದೇ ತಟ್ಟೆ, ಅದರಲ್ಲಿ 25 ಬೀಜ ಇಟ್ಟು ‘25 ಪುನರಾವರ್ತನೆ’ ಎಂದು ಬರೆಯುವುದು. ಒಂದು ಮನೆಯ ಎಂಟು ಮಂದಿಯನ್ನು ಮಾತನಾಡಿಸಿ ಎಂಟು ಮನೆ ಸುತ್ತಿದೆ ಎಂದಂತೆ ಇದು. ಆ ತಟ್ಟೆಗೆ ಬೂಸು ಹಿಡಿದರೆ, ಅದು ಕಿಟಕಿಯ ಬಳಿ ಇದ್ದು ಬಿಸಿಯಾದರೆ, 25 ಬೀಜಗಳಿಗೂ ಒಟ್ಟಿಗೇ ಪೆಟ್ಟು ಬೀಳುತ್ತದೆ. ಇಲ್ಲಿ ಪುನರಾವರ್ತನೆಯ ಘಟಕ ತಟ್ಟೆ, ಬೀಜವಲ್ಲ. ಪ್ರತಿ ಸಾಂದ್ರತೆಗೆ ನಾಲ್ಕು ತಟ್ಟೆ ಇದ್ದರೆ ನಿಮ್ಮ ಪುನರಾವರ್ತನೆಯ ಸಂಖ್ಯೆ ನಾಲ್ಕು. ಸರಾಸರಿ, ಪ್ರಮಾಣ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಎರಡನ್ನೂ ಆ ನಾಲ್ಕರಿಂದಲೇ ತೆಗೆಯಬೇಕು. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಈ ದೋಷವನ್ನು ವಿವರವಾಗಿ ಬಿಡಿಸಿಟ್ಟರು, ಆದರೂ ಅದು ಇಂದಿಗೂ ಅಚ್ಚಾಗುತ್ತಲೇ ಇದೆ. ನಿಮ್ಮಲ್ಲಿ ಒಂದೊಂದೇ ತಟ್ಟೆ ಇದ್ದಿದ್ದರೆ ಬರೆಯುವುದನ್ನು ನಿಲ್ಲಿಸಿ, ಪ್ರಯೋಗವನ್ನು ಇನ್ನೊಮ್ಮೆ ಮಾಡಿ. ಬೀಜ ಅಗ್ಗ, ಸಮಯ ಎರಡು ವಾರ.

ಫಲಿತಾಂಶದಲ್ಲಿ ಕಂಡದ್ದನ್ನು ಮಾತ್ರ ಹೇಳಿ. ಕಾರಣ ಚರ್ಚೆಗೆ ಬಿಡಿ. ಬೂಸು ಹಿಡಿದ ತಟ್ಟೆಯನ್ನು ಕೈಬಿಟ್ಟಿದ್ದರೆ ಹಾಗೆಂದೇ ತಿಳಿಸಿ. ನಡುವಿನ ಒಂದು ಸಾಂದ್ರತೆಯಲ್ಲಿ ಅಂಕಿ ಅಡ್ಡಾದಿಡ್ಡಿ ಬಂದಿದ್ದರೆ ಅದನ್ನು ತಿದ್ದಿ ಗೆರೆಯನ್ನು ನೇರ ಮಾಡಬೇಡಿ. ಆ ಅಂಕಿ ನಿಮ್ಮ ತಟ್ಟೆಯಲ್ಲಿ ನಡೆದದ್ದು. ತಿದ್ದಿದ್ದು ಎಲ್ಲೂ ನಡೆದದ್ದಲ್ಲ.

ಚರ್ಚೆಯಲ್ಲಿ ಆಸೆ ಕೆರಳುತ್ತದೆ, ಅದು ನನಗೆ ಅರ್ಥವಾಗುತ್ತದೆ. ಕೃಷ್ಣೆಯ ಕಾಲುವೆ ಹರಿದ ಕಪ್ಪುನೆಲದಲ್ಲಿ ಸವಳು-ಜವಳು ಕಣ್ಣೆದುರಿಗೇ ಇರುವಾಗ ‘ಈ ತಳಿಯನ್ನು ಸವಳು ಭೂಮಿಯಲ್ಲಿ ಬೆಳೆಯಬಹುದು’ ಎಂದು ಬರೆದುಬಿಡೋಣ ಎನಿಸುತ್ತದೆ. ಆದರೆ ಹೊಲದ ಉಪ್ಪು ಬರೀ ಸೋಡಿಯಂ ಕ್ಲೋರೈಡ್ ಅಲ್ಲ, ತಟ್ಟೆಯ ಸೋಸುಕಾಗದ ಎರೆಮಣ್ಣಲ್ಲ, ಮೊಳಕೆಯ ಸಹನೆ ತೆನೆಗಟ್ಟುವ ಗಿಡದ ಸಹನೆಯೇ ಆಗಿರಬೇಕಿಲ್ಲ. ಮಣ್ಣಿನ ಸಂತೃಪ್ತ ಸಾರದ (ನೀರು ತುಂಬಿಸಿ ಕಲಸಿದ ಮಣ್ಣಿನಿಂದ ಸೋಸಿ ತೆಗೆದ ನೀರು) ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದನ್ನು ಸವಳು ಎನ್ನುತ್ತಾರೆ. ನಿಮ್ಮ 100 ಮಿಲಿಮೋಲಾರ್ ದ್ರಾವಣ ಸುಮಾರು 10ರಷ್ಟಿರುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ನಿಮ್ಮ ಯಾವ ತಟ್ಟೆ ಯಾವ ಹೊಲಕ್ಕೆ ಹತ್ತಿರ ಎಂದು ತೋರಿಸಿ. ಮೊಳಕೆ ತಗ್ಗಿದ್ದು ಬೀಜಕ್ಕೆ ನೀರು ಹೀರಲಾಗದೆಯೋ, ಸೋಡಿಯಂ ವಿಷವಾಗಿಯೋ ಎಂಬುದನ್ನು ನಿಮ್ಮ ಪ್ರಯೋಗ ಬೇರ್ಪಡಿಸಿಲ್ಲ ಎಂಬುದನ್ನೂ ಒಪ್ಪಿಕೊಳ್ಳಿ. ಬೀಜದೊಳಗೆ ಸುಲಭವಾಗಿ ಹೋಗದೆ ನೀರು ಹೀರುವುದನ್ನಷ್ಟೇ ತಡೆಯುವ, ಅಷ್ಟೇ ಆಸ್ಮಾಟಿಕ್ ಒತ್ತಡದ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ಬೀಜ ಇಟ್ಟು ಹೋಲಿಸುವುದು ಮುಂದಿನ ಪ್ರಯೋಗವಾಗಬಹುದು.

ಈಗ ಪೀಠಿಕೆ. ಸವಳಿನ ಸಮಸ್ಯೆ, ಇತರರು ಜೋಳದ ಬಗ್ಗೆ ಕಂಡುಕೊಂಡದ್ದು, ನಿಮ್ಮ ಪ್ರಶ್ನೆ: ಮೂರು ಪ್ಯಾರಾ ಸಾಕು. ಕೃಷಿಯ ಇತಿಹಾಸದಿಂದ ಆರಂಭಿಸಬೇಡಿ. ಇತರರ ವಾಕ್ಯಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಲ್ಲಿ ಇತರರ ಬರಹದೊಂದಿಗಿನ ಹೋಲಿಕೆ ಶೇ 10ನ್ನು ಮೀರಿದರೆ ಕ್ರಮದ ಮಾತು ಬರುತ್ತದೆ. ಹಣ ಕೊಟ್ಟರೆ ಮೂರು ದಿನದಲ್ಲಿ ಅಚ್ಚು ಹಾಕುತ್ತೇವೆ ಎನ್ನುವ ಪತ್ರಿಕೆಗಳಿಗೆ ಪ್ರಬಂಧ ಕಳಿಸಬೇಡಿ. ಅಷ್ಟರಲ್ಲಿ ತಜ್ಞರು ಅದನ್ನು ಓದಿ ಪರಿಶೀಲಿಸಿರಲು ಸಾಧ್ಯವಿಲ್ಲ.

ಕೊನೆಯಲ್ಲಿ ಸಾರಾಂಶ, ಅದಾದ ಮೇಲೆ ಶೀರ್ಷಿಕೆ. ‘ಜೋಳದ ಮೇಲೆ ಉಪ್ಪಿನ ಪರಿಣಾಮ: ಒಂದು ಅಧ್ಯಯನ’ ಬೇಡ. ತಳಿಯ ಹೆಸರು, ಸಾಂದ್ರತೆಯ ವ್ಯಾಪ್ತಿ, ಮೊಳಕೆಯ ಹಂತ, ಮೂರೂ ಶೀರ್ಷಿಕೆಯಲ್ಲೇ ಬರಲಿ.