ಮೂಳೆಗೆ ಮಾತ್ರೆ ಸಾಲದು, ಭಾರವೂ ಬೇಕು

ಮೊಣಕಾಲು ನೋವೆಂದು ಬರುವ, ಐವತ್ತೈದು ದಾಟಿದ ಮಹಿಳೆಯರಲ್ಲಿ ಅನೇಕರು ವರ್ಷಗಳಿಂದ ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿರುತ್ತಾರೆ. ಇಷ್ಟಾದರೂ ನೋವು ಇಳಿಯಲಿಲ್ಲವಲ್ಲ ಎಂಬುದು ಅವರ ದೂರು. ಆ ನೋವು ಸಾಮಾನ್ಯವಾಗಿ ಕೀಲಿನದು, ಕ್ಯಾಲ್ಸಿಯಂ ಅದಕ್ಕೆ ಮದ್ದಲ್ಲ. ಮೂಳೆಯ ಸಾಂದ್ರತೆ ಕುಗ್ಗುವಾಗ ನೋವೇ ಇರುವುದಿಲ್ಲ. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದಾಗಲೋ, ಬೆನ್ನು ಬಾಗಿ ಎತ್ತರ ತಗ್ಗಿದೆಯೆಂದು ಮನೆಯವರು ಗಮನಿಸಿದಾಗಲೋ ಅದು ಬೆಳಕಿಗೆ ಬರುತ್ತದೆ.

ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಬದುಕಿನುದ್ದಕ್ಕೂ ಜೊತೆಯಾಗಿ ಕೆಲಸ ಮಾಡುತ್ತವೆ. ಸುಮಾರು ಮೂವತ್ತರವರೆಗೆ ಕಟ್ಟುವುದರ ಕೈ ಮೇಲಾಗಿರುತ್ತದೆ, ಕ್ರಮೇಣ ಅದು ತಿರುಗುಮುರುಗಾಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹಾರ್ಮೋನು ಇಳಿಯುವುದರಿಂದ ಮೊದಲ 5–7 ವರ್ಷಗಳಲ್ಲಿ ಕೆಲವರು ಶೇ 20ರಷ್ಟು ಮೂಳೆಯನ್ನು ಕಳೆದುಕೊಳ್ಳುವುದುಂಟು. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಈ ನಷ್ಟ ಅಂದಿನಿಂದಲೇ ಆರಂಭವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇಂಥವರು ಕಡಿಮೆಯೇನಿಲ್ಲ, ಆದರೆ ಇದನ್ನು ಅವರಿಗೆ ಹೇಳುವವರು ಕಡಿಮೆ. ಇಂಥವರೂ, ತಿಂಗಳುಗಟ್ಟಲೆ ಸ್ಟೀರಾಯ್ಡ್ ಸೇವಿಸಿದವರೂ, ಸಣ್ಣ ಬೀಳುವಿಕೆಗೇ ಮೂಳೆ ಮುರಿದುಕೊಂಡವರೂ ಸಾಮಾನ್ಯವಾಗಿ ಹೇಳುವ 65 ವರ್ಷವಾಗಲೆಂದು ಕಾಯದೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಳ್ಳಬೇಕು. ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಅದು ಕೊಡುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ, ಎಂದರ್ಥ. ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರವಿಟ್ಟು ಕೊಡುವ ಸಂಖ್ಯೆ ಇದಕ್ಕೆ ಸಮವಲ್ಲ. ಆ ಚೀಟಿಯೊಂದನ್ನೇ ನಂಬಿ ಚಿಕಿತ್ಸೆ ಆರಂಭಿಸುವುದು ನನಗೆ ಸರಿಯೆನಿಸುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಸೂಚಿಸಿದ ಪ್ರಮಾಣದಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಮಹಿಳೆಯರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮಾತ್ರೆಗೆ ಮೊದಲು ಊಟದ ಲೆಕ್ಕ ಹಾಕೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಕಾಲು ಲೀಟರ್ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಇರುತ್ತದೆ. ರಾಗಿಯಲ್ಲಿರುವ ಫೈಟೇಟ್ ಹೀರಿಕೆಯನ್ನು ಸ್ವಲ್ಪ ತಡೆಯುತ್ತದೆಯಾದರೂ ನೆನೆಸಿ ಮೊಳಕೆ ಕಟ್ಟಿದರೆ ಅದು ತಗ್ಗುತ್ತದೆ. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಮಾತ್ರ ಆಕ್ಸಲೇಟಿಗೆ ಅಂಟಿಕೊಂಡು ಬಹುಪಾಲು ವ್ಯರ್ಥವಾಗುತ್ತದೆ. ದಿನವೂ ಮುದ್ದೆ, ಹಾಲು, ಮೊಸರು, ಒಂದಿಷ್ಟು ಎಳ್ಳು ತಿನ್ನುವವರಿಗೆ ಉಳಿಯುವ ಕೊರತೆ ಹೆಚ್ಚೆಂದರೆ ಒಂದು 500 ಮಿಲಿಗ್ರಾಂ ಮಾತ್ರೆಯಷ್ಟು. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯನ್ನು ಊಟದೊಂದಿಗೆ ತೆಗೆದುಕೊಳ್ಳಬೇಕು. ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್ ಸೇವಿಸುವವರಿಗೆ ಸಿಟ್ರೇಟ್ ರೂಪ ಹೆಚ್ಚು ಹೊಂದುತ್ತದೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆಯ ಅಂತರವಿರಲಿ. ಅಮೆರಿಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಪಡೆದವರ ಸೊಂಟದ ಮೂಳೆಯ ಸಾಂದ್ರತೆ ಕೇವಲ ಶೇ 1ರಷ್ಟು ಹೆಚ್ಚಿತ್ತು, ಮೂತ್ರಪಿಂಡದ ಕಲ್ಲಿನ ಅಪಾಯ ಶೇ 17ರಷ್ಟು ಏರಿತ್ತು. ಊಟದಲ್ಲಿನ ಕ್ಯಾಲ್ಸಿಯಂನಿಂದ ಕಲ್ಲಾಗುತ್ತದೆಂಬ ಭಯಕ್ಕೆ ಮಾತ್ರ ಆಧಾರವಿಲ್ಲ.

ವಿಟಮಿನ್ ಡಿ ವಿಷಯದಲ್ಲಿ ಎರಡು ಅತಿಗಳನ್ನು ನೋಡುತ್ತೇನೆ. ಬೆಳಗಿನ ಆರೂವರೆಯ ಎಳೆಬಿಸಿಲಿಗೆ ಮೈಯೊಡ್ಡಿದರೆ ಸಾಕೆನ್ನುವವರು ಒಂದು ಕಡೆ. ಆ ಹೊತ್ತಿನ ಬಿಸಿಲಿನಲ್ಲಿ ವಿಟಮಿನ್ ಡಿ ತಯಾರಿಸುವ ಯುವಿಬಿ ಕಿರಣಗಳು ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೆ ನಡುಹಗಲಿನ ಬಿಸಿಲೇ ಬೇಕು. ಇನ್ನೊಂದು ಕಡೆ, ಎಂಟು ವಾರಕ್ಕೆಂದು ಬರೆದುಕೊಟ್ಟ 60,000 ಯೂನಿಟ್‌ನ ಸ್ಯಾಶೆಯನ್ನು ವರ್ಷವಿಡೀ ವಾರಕ್ಕೊಂದರಂತೆ ಮುಂದುವರಿಸುವವರು. 2010ರ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ, ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ನುಂಗಿದ ವೃದ್ಧ ಮಹಿಳೆಯರು ನುಂಗದವರಿಗಿಂತ ಹೆಚ್ಚು ಬಾರಿ ಬಿದ್ದರು, ಹೆಚ್ಚು ಮೂಳೆ ಮುರಿದುಕೊಂಡರು. ಕೊರತೆಯಿದ್ದರೆ ತುಂಬಿಸಲೇಬೇಕು, ಅನಂತರ ವೈದ್ಯರು ಹೇಳಿದ ಅಲ್ಪ ಪ್ರಮಾಣ ಸಾಕು. ಮೆಗ್ನೀಸಿಯಂ, ಕೊಲಾಜೆನ್, ವಿಟಮಿನ್ ಕೆ2 ಸೇರಿಸಿದ ದುಬಾರಿ ಡಬ್ಬಿಗಳ ಬದಲು ಆ ಹಣವನ್ನು ಬೇಳೆ, ಮೊಟ್ಟೆ, ಹಾಲಿಗೆ ಖರ್ಚು ಮಾಡುವುದು ಒಳಿತು, ಏಕೆಂದರೆ ನಮ್ಮ ಹಿರಿಯರ ತಟ್ಟೆಯಲ್ಲಿ ನಿಜವಾಗಿ ಕೊರತೆಯಾಗಿರುವುದು ಪ್ರೋಟೀನ್. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಂತೂ ಕೇಳದೆ ವಿಟಮಿನ್ ಕೆ ಮುಟ್ಟಬಾರದು.

ಇಷ್ಟೆಲ್ಲ ಸರಿಯಾಗಿದ್ದರೂ, ಗಟ್ಟಿಯಾಗಬೇಕೆಂಬ ಸೂಚನೆ ಮೂಳೆಗೆ ಹೋಗುವುದು ಅದರ ಮೇಲೆ ಬೀಳುವ ಭಾರದಿಂದ. ಭಾರವಿಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳು ತಿಂಗಳಿಗೆ ಶೇ 1ಕ್ಕಿಂತ ಹೆಚ್ಚು ಸಾಂದ್ರತೆ ಕಳೆದುಕೊಳ್ಳುತ್ತಾರೆ. ದಿನವೂ ಮಾಡುವ ವಾಕಿಂಗ್ ಹೃದಯಕ್ಕೆ ಒಳ್ಳೆಯದಾದರೂ ಮೂಳೆಗೆ ಅದು ಅಭ್ಯಾಸವಾಗಿಹೋದ ಭಾರ. ಈಜು, ಸೈಕಲ್ಲುಗಳಿಂದಲೂ ಮೂಳೆಗೆ ಹೆಚ್ಚಿನ ಲಾಭವಿಲ್ಲ. 2018ರಲ್ಲಿ ಪ್ರಕಟವಾದ, ಲಿಫ್ಟ್‌ಮೋರ್ ಎಂಬ ಹೆಸರಿನ ಆಸ್ಟ್ರೇಲಿಯದ ಅಧ್ಯಯನದಲ್ಲಿ ಸಾಂದ್ರತೆ ಕುಗ್ಗಿದ್ದ, 58 ದಾಟಿದ ಮಹಿಳೆಯರಿಗೆ ತರಬೇತುದಾರರ ಎದುರಿನಲ್ಲಿ ವಾರಕ್ಕೆರಡು ದಿನ, ಅರ್ಧ ಗಂಟೆ ನಿಜವಾದ ಭಾರ ಎತ್ತಿಸಲಾಯಿತು. ಎಂಟು ತಿಂಗಳಲ್ಲಿ ಅವರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಶೇ 2.9ರಷ್ಟು ಹೆಚ್ಚಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ 1.2ರಷ್ಟು ಇಳಿಯಿತು.

ಹಾಗೆಂದು ನಾಳೆಯೇ ಜಿಮ್ಮಿಗೆ ಹೋಗಿ ಕಬ್ಬಿಣ ಎತ್ತಬೇಕೆಂದಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಅಂಗೈಯೊತ್ತಿ ಮೈಯನ್ನು ಹಿಂದೆ ತಳ್ಳುವುದು, ಇವುಗಳಿಂದ ಆರಂಭಿಸಿ ವಾರಕ್ಕೆ ಎರಡು ಮೂರು ದಿನ ಮಾಡಬೇಕು. ಸಲೀಸಾಗಿ ಹದಿನೈದು ಸಲ ಎತ್ತಲು ಬರುವ ತೂಕ ಮೂಳೆಗೆ ಹಗುರವೇ. ಆಗ ಭಾರ ಹೆಚ್ಚಿಸಬೇಕು. ಸಾಂದ್ರತೆ ಕುಗ್ಗಿರುವವರು ಭಾರ ಎತ್ತುವ ಕ್ರಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿಯಲಿ. ಯೋಗದಲ್ಲಿ ಪಶ್ಚಿಮೋತ್ತಾನಾಸನ, ಹಲಾಸನದಂತೆ ಬೆನ್ನನ್ನು ಮುಂದಕ್ಕೆ ಮಡಚುವ ಆಸನಗಳು ದುರ್ಬಲ ಕಶೇರುಕಗಳನ್ನು, ಅಂದರೆ ಬೆನ್ನೆಲುಬಿನ ಬಿಡಿ ಮೂಳೆಗಳನ್ನು, ಕುಸಿಯುವಂತೆ ಮಾಡಬಲ್ಲವು. ಆಧಾರ ಹಿಡಿದು ಮಾಡುವ ವೃಕ್ಷಾಸನ ಸಮತೋಲನಕ್ಕೆ ನೆರವಾಗುತ್ತದೆ. ಫಲಿತಾಂಶಕ್ಕೆ ಆತುರ ಬೇಡ: ಡೆಕ್ಸಾ ಮತ್ತೆ ಮಾಡಿಸಲು ಒಂದೆರಡು ವರ್ಷ ಕಾಯುವುದು ಉಚಿತ.

ಸೊಂಟದ ಅಥವಾ ಬೆನ್ನಿನ ಮೂಳೆ ಈಗಾಗಲೇ ಮುರಿದಿದ್ದರೆ ಆಹಾರ, ವ್ಯಾಯಾಮಗಳ ಜೊತೆಗೆ ಔಷಧವೂ ಬೇಕಾಗುತ್ತದೆ: ವಾರಕ್ಕೊಮ್ಮೆ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಜೋಲೆಡ್ರೊನಿಕ್ ಆಮ್ಲದ ಡ್ರಿಪ್, ಅಥವಾ ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಚುಚ್ಚುಮದ್ದು. ಕೊನೆಯದನ್ನು ಬದಲಿ ಔಷಧವಿಲ್ಲದೆ ನಿಲ್ಲಿಸಿದರೆ ಗಳಿಸಿದ ಸಾಂದ್ರತೆ ಬೇಗನೆ ಕರಗಿ ಒಂದಕ್ಕಿಂತ ಹೆಚ್ಚು ಕಶೇರುಕಗಳು ಮುರಿಯುವ ಅಪಾಯವಿರುವುದರಿಂದ, ಮುಂದಿನ ಚುಚ್ಚುಮದ್ದಿನ ದಿನಾಂಕ ರೋಗಿಗಷ್ಟೇ ಅಲ್ಲದೆ ಮನೆಯ ಮತ್ತೊಬ್ಬರಿಗೂ ಗೊತ್ತಿರಬೇಕು.