ಟವರ್ ನಿಮ್ಮ ಕಡೆ ತಿರುಗೋದು ಹೇಗೆ? ಬೀಮ್ ಆಯ್ಕೆಯ ನೂರಿಪ್ಪತ್ತು ವರ್ಷ

ಆಂಡ್ರಾಯ್ಡ್ ಫೋನ್ ಇದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ. ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ. ಸಾಮಾನ್ಯವಾಗಿ ಅಲ್ಲೇ ಸಿಗ್ನಲ್ ಎಷ್ಟಿದೆ ಅನ್ನೋದಕ್ಕೆ ಒಂದು ಮೈನಸ್ ಸಂಖ್ಯೆ ಕಾಣುತ್ತದೆ. ಉಡುಪಿ ಕಡೆಯ ಹಳೇ ಕೆಂಪುಕಲ್ಲಿನ ಮನೆಯ ಒಳಕೋಣೆಯಲ್ಲಿ ಅದು -112 ಇರಬಹುದು. ಎದ್ದು ಚಾವಡಿಗೆ ಬಂದರೆ -98. ಅಂಗಳಕ್ಕೆ ಇಳಿದರೆ -87. ಅಷ್ಟೇನಾ ವ್ಯತ್ಯಾಸ ಅನ್ನಿಸಬಹುದು. ಆದರೆ ಇದು ಡಿಬಿಎಂ ಲೆಕ್ಕ. ಇದರಲ್ಲಿ 10 ಇಳಿದರೆ ಶಕ್ತಿ ಹತ್ತನೇ ಒಂದು ಪಾಲಾಗುತ್ತದೆ. ಒಳಕೋಣೆಗಿಂತ ಅಂಗಳದಲ್ಲಿ ಸಿಗುವ ಶಕ್ತಿ ಮುನ್ನೂರು ಪಟ್ಟಿಗೂ ಜಾಸ್ತಿ.

ನಮಗೆ ಈ ಸಂಖ್ಯೆ ಸುಮ್ನೆ ನೋಡಿ ಬಿಡುವಂಥದ್ದು. ಫೋನ್‌ಗೆ ಹಾಗಲ್ಲ. ಇಂಥ ಅಳತೆಗಳನ್ನು ಅದು ಸೆಕೆಂಡಿಗೆ ಹಲವು ಸಲ ತೆಗೆದು ಟವರ್‌ಗೆ ವರದಿ ಮಾಡುತ್ತಾ ಇರುತ್ತದೆ. ಆ ವರದಿ ನೋಡಿಯೇ 5ಜಿ ಟವರ್ ತನ್ನ ರೇಡಿಯೋ ಬೀಮನ್ನು, ಅಂದರೆ ಒಂದೇ ಕಡೆ ಒತ್ತಿ ಕಳಿಸುವ ಅಲೆಗಳ ಕಿರಣವನ್ನು, ಯಾವ ದಿಕ್ಕಿಗೆ ಹಾಯಿಸಬೇಕು ಅಂತ ತೀರ್ಮಾನಿಸುತ್ತದೆ. ಇದೇನೋ ಹೊಸ ಕಾಲದ ಚಮತ್ಕಾರ ಅನ್ನೋ ಹಾಗೆ ಜಾಹೀರಾತುಗಳು ಹೇಳುತ್ತವೆ. ನನಗೆ ಹಾಗನ್ನಿಸುವುದಿಲ್ಲ.

ದೂರದರ್ಶನದ ಕಾಲದ ಮನೆಗಳಲ್ಲಿ ಬೆಳೆದವರಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಹಂಚಿನ ಮಾಡಿನ ಪಕ್ಕ ಜಿಐ ಪೈಪು, ಇಲ್ಲಾಂದ್ರೆ ಅಡಿಕೆ ಮರದ ಕಂಬ. ಅದರ ತುದಿಯಲ್ಲಿ ಮೀನಿನ ಮುಳ್ಳಿನಂಥ ಆಂಟೆನಾ. ಜೋರು ಗಾಳಿ ಬೀಸಿದರೆ ಅದು ತಿರುಗಿ ಕೂರುತ್ತಿತ್ತು. ಆಮೇಲೆ ಒಬ್ಬರು ಮೇಲೆ, ಒಬ್ಬರು ಟೀವಿ ಮುಂದೆ, ಮಧ್ಯೆ ಕಿಟಕಿಯಲ್ಲಿ ಕೂಗಿ ಹೇಳಲಿಕ್ಕೆ ಒಂದು ಮಗು. “ಬಂತಾ?” “ಇಲ್ಲ ಮಾವ, ಇನ್ನೂ ಸ್ವಲ್ಪ ಆಚೆ... ಹಾಂ ಬಂತು ಬಂತು... ಹೋಯ್ತು!” ಇಲ್ಲಿ ಮೂರು ಕೆಲಸ ನಡೆಯುತ್ತಿತ್ತು: ತಿರುಗಿಸುವುದು, ಅಳೆಯುವುದು, ಅಳೆದದ್ದನ್ನು ತಿರುಗಿಸುವವರಿಗೆ ಹೇಳುವುದು. ಬೀಮ್ ಆಯ್ಕೆಯ ಇತಿಹಾಸ ಅಂದರೆ ಈ ಮೂರೂ ಕೆಲಸ ಮನುಷ್ಯರ ಕೈಯಿಂದ ಜಾರಿ ಸರ್ಕ್ಯೂಟ್ ಒಳಗೆ ಸೇರಿದ ಇತಿಹಾಸ.

ಮೊದಲು ಸೇರಿದ್ದು ತಿರುಗಿಸುವ ಕೆಲಸ. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ 1905ರಲ್ಲಿ ಮೂರು ಆಂಟೆನಾಗಳನ್ನು ತ್ರಿಕೋನದಲ್ಲಿ ನಿಲ್ಲಿಸಿದರು. ಮೂರಕ್ಕೂ ಒಂದೇ ಸಿಗ್ನಲ್. ಆದರೆ ಒಂದಕ್ಕೆ ಚೂರು ತಡವಾಗಿ ಕೊಟ್ಟರು. ಅಲೆಗಳ ಏರು ಏರಿಗೆ ಕೂಡಿದ ಕಡೆ ಸಿಗ್ನಲ್ ಬಲವಾಯಿತು. ಏರಿಗೆ ಇಳಿತ ಎದುರಾದ ಕಡೆ ಸೊರಗಿತು. ತಡ ಮಾಡುವ ಆಂಟೆನಾ ಯಾವುದು ಅಂತ ಬದಲಿಸಿದರೆ ಸಾಕು, ಯಾವುದನ್ನೂ ಅಲುಗಾಡಿಸದೆ ಬೀಮ್ ಬೇರೆ ಕಡೆ ತಿರುಗುತ್ತಿತ್ತು. ಹೀಗೆ ಅಲುಗಾಡದೆ ಬೀಮ್ ತಿರುಗಿಸುವ ಇವತ್ತಿನ ಆಂಟೆನಾ ಸಾಲಿನ, ಅಂದರೆ ಫೇಸ್ಡ್ ಅರೇಯ, ಮೂಲ ಇದೇ. ಬ್ರೌನ್‌ಗೆ 1909ರಲ್ಲಿ ಮಾರ್ಕೋನಿ ಜೊತೆ ನೊಬೆಲ್ ಬಂತು. ಹೆಸರು ಮಾತ್ರ ಮಾರ್ಕೋನಿಯದೇ ಉಳಿಯಿತು.

ಅಳತೆ ಮಾಡುವ ಕೆಲಸಕ್ಕೆ ಒಂದು ಒಳ್ಳೆ ಉದಾಹರಣೆ ನೋಡಬೇಕಾದರೆ ಬಜ್ಪೆ ಗುಡ್ಡಕ್ಕೆ ಹೋಗಬೇಕು. ಮಂಗಳೂರು ವಿಮಾನ ನಿಲ್ದಾಣದ ರನ್‌ವೇ ಗುಡ್ಡದ ತಲೆಯ ಮೇಲಿದೆ. ಮಳೆಗಾಲದ ಮೋಡದಲ್ಲಿ ಅದು ಕಾಣುವುದೇ ಇಲ್ಲ. ಆಗ ಪೈಲಟ್ ನಂಬುವುದು ಇಳಿಯುವ ದಾರಿಯನ್ನು ರೇಡಿಯೋದಲ್ಲಿ ತೋರಿಸುವ ಐಎಲ್‌ಎಸ್ ವ್ಯವಸ್ಥೆಯನ್ನು. ರನ್‌ವೇಯ ಆಚೆ ತುದಿಯಲ್ಲಿ ಸಾಲಾಗಿ ನಿಂತ ಆಂಟೆನಾಗಳು ಎರಡು ಬೀಮ್ ಕಳಿಸುತ್ತವೆ. ಇಳಿಯಲು ಬರುವ ವಿಮಾನಕ್ಕೆ ಎಡಗಡೆ 90 ಹರ್ಟ್ಸ್ ಗುರುತಿನದು ಜಾಸ್ತಿ, ಬಲಗಡೆ 150 ಹರ್ಟ್ಸಿನದು ಜಾಸ್ತಿ. ಎರಡೂ ಸಮವಾಗಿ ಬಂದರೆ ವಿಮಾನ ರನ್‌ವೇಯ ನಡುಗೆರೆಗೆ ನೇರವಾಗಿದೆ ಎಂದರ್ಥ. ಜರ್ಮನಿಯ ಲೊರೆನ್ಝ್ ಕಂಪನಿ 1930ರ ದಶಕದಲ್ಲಿ ಇದೇ ಉಪಾಯವನ್ನು ಚುಕ್ಕಿ-ಗೀಟು ಶಬ್ದದಲ್ಲಿ ಮಾಡಿತ್ತು. ಬೀಮ್‌ಗಳು ಕದಲುವುದಿಲ್ಲ, ಅಳತೆ ನೋಡಿ ವಿಮಾನವೇ ತಿರುಗುತ್ತದೆ. ಅಳತೆಯೊಂದರಿಂದಲೇ ದಿಕ್ಕು ತಿಳಿಯಬಹುದು ಅನ್ನೋದು ಹೀಗೆ ಪಕ್ಕಾ ಆಯಿತು.

ತಿರುಗಿಸುವುದು, ಅಳೆಯುವುದು ಎರಡನ್ನೂ ಸೇರಿಸಿದ್ದು ಅಮೆರಿಕದ ಬೆಲ್ ಲ್ಯಾಬ್ಸ್. ಇಡೀ ಇತಿಹಾಸದಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಇದು. ಆಗ ಇಂಗ್ಲೆಂಡ್ ಮತ್ತು ಅಮೆರಿಕದ ನಡುವೆ ಟೆಲಿಫೋನ್ ಮಾತು ಹೋಗುತ್ತಿದ್ದದ್ದು ಶಾರ್ಟ್‌ವೇವ್ ರೇಡಿಯೋದಲ್ಲಿ. ಅಲೆ ವಾತಾವರಣದ ಮೇಲ್ಭಾಗದಲ್ಲಿರುವ, ವಿದ್ಯುತ್ ಕಣಗಳ ಅಯಾನ್ ಪದರಕ್ಕೆ ಬಡಿದು ಕೆಳಗೆ ಬರುತ್ತದೆ. ಆ ಪದರ ಒಂದೇ ಸಮ ಇರುವುದಿಲ್ಲ. ಹಾಗಾಗಿ ಅಲೆ ಒಮ್ಮೆ ಎತ್ತರದಿಂದ, ಒಮ್ಮೆ ತಗ್ಗಿನಿಂದ, ಕೆಲವೊಮ್ಮೆ ಎರಡೂ ಕಡೆಯಿಂದ ಒಟ್ಟಿಗೇ ಬಂದು ಮಾತು ಕಲಸಿಹೋಗುತ್ತಿತ್ತು. ಹೆರಾಲ್ಡ್ ಫ್ರೀಸ್ ಮತ್ತು ಕಾರ್ಲ್ ಫೆಲ್ಡ್‌ಮನ್ 1937ರಲ್ಲಿ ಪ್ರಕಟಿಸಿದ ‘ಮ್ಯೂಸಾ’ ವ್ಯವಸ್ಥೆ ಇದಕ್ಕೆ ಉತ್ತರ. ನ್ಯೂಜೆರ್ಸಿಯಲ್ಲಿ ಆರು ಆಂಟೆನಾಗಳನ್ನು ಮುಕ್ಕಾಲು ಮೈಲಿ ಉದ್ದಕ್ಕೆ ಸಾಲಾಗಿ ನಿಲ್ಲಿಸಿದ್ದರು. ಅವುಗಳಿಂದ ಬಂದ ಸಿಗ್ನಲನ್ನು ಒಳಗೆ ಹಲವು ಕವಲುಗಳಾಗಿ ಒಡೆದರು. ಒಂದು ಕವಲಿಗೆ ಮಾತು ಕೇಳುವ ಕೆಲಸವೇ ಇಲ್ಲ. ಅದು ಕೋನಗಳನ್ನೆಲ್ಲ ಸತತವಾಗಿ ಸುತ್ತಿ, ಯಾವ ಕೋನದಿಂದ ಎಷ್ಟು ಶಕ್ತಿ ಬರುತ್ತಿದೆ ಅಂತ ಪರದೆ ಮೇಲೆ ತೋರಿಸುತ್ತಿತ್ತು. ಅದನ್ನು ನೋಡಿ ಉಳಿದ ಕವಲುಗಳನ್ನು ಬಲವಾದ ಕೋನಗಳಿಗೆ ಹೊಂದಿಸುತ್ತಿದ್ದರು. ಆಮೇಲೆ ಇಂಗ್ಲೆಂಡಿನ ಕೂಲಿಂಗ್ ಎಂಬಲ್ಲಿ ಇಂಥದ್ದೇ ಕೇಂದ್ರವೊಂದು 16 ಆಂಟೆನಾಗಳ, ಸುಮಾರು ಎರಡು ಮೈಲಿ ಉದ್ದದ ಸಾಲಿನೊಂದಿಗೆ ಬಂತು. ಎರಡು ಮೈಲಿಯ ಈ ಸಾಲಿನ ಕೆಲಸವೇ ಇವತ್ತು 5ಜಿಯ 26 ಗಿಗಾಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ ಒಂದು ಸಣ್ಣ ಎಲೆಕ್ಟ್ರಾನಿಕ್ ಚಿಪ್ ಒಳಗೆ ನಡೆಯುತ್ತದೆ.

ಯುದ್ಧದ ನಂತರ ಈ ವಿದ್ಯೆ ರಾಡಾರಿನವರ ಸೊತ್ತಾಯಿತು. ಅಮೆರಿಕದ ಎಂಜಿನಿಯರ್ ಬರ್ನಾರ್ಡ್ ವಿಡ್ರೋ ತಂಡ 1967ರಲ್ಲಿ ತಾನೇ ಹೊಂದಿಕೊಳ್ಳುವ ಆಂಟೆನಾ ಬಗ್ಗೆ ಬರೆಯಿತು. ನಮ್ಮಲ್ಲೂ ಇದರ ದೊಡ್ಡ ನಮೂನೆಗಳು ಉಂಟು. ಗೌರಿಬಿದನೂರಿನಲ್ಲಿ ಇಂಗ್ಲಿಷ್ ಟಿ ಅಕ್ಷರದ ಆಕಾರದಲ್ಲಿ ಡೈಪೋಲ್ ಎಂಬ ಸರಳ ಆಂಟೆನಾಗಳು 1,000 ಹಾಸಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ನೋಡಿದ ರೇಡಿಯೋ ದೂರದರ್ಶಕ 1970ರ ದಶಕದ್ದು. ತಿರುಪತಿ ಬಳಿಯ ಗಾದಂಕಿಯ ರಾಡಾರಿನಲ್ಲಿ 1,024 ಯಾಗಿ ಆಂಟೆನಾಗಳಿವೆ. ಯಾಗಿ ಅಂದರೆ ಮಾಡಿನ ಪಕ್ಕದ ಅದೇ ಮೀನಿನ ಮುಳ್ಳಿನ ಜಾತಿ. ಇಲ್ಲಿ ಯಾರೂ ಕಂಬ ಹತ್ತಿ ತಿರುಗಿಸುವುದಿಲ್ಲ, ಅಷ್ಟೇ.

ಮೊಬೈಲಿಗೆ ಈ ವಿದ್ಯೆ ಬಂದ ದಾರಿಯಲ್ಲಿ ಒಬ್ಬ ಭಾರತೀಯರ ಹೆಸರು ಹೇಳಲೇಬೇಕು. ಆರೋಗ್ಯಸ್ವಾಮಿ ಪಾಲ್‌ರಾಜ್ ಭಾರತೀಯ ನೌಕಾಪಡೆಯಲ್ಲಿದ್ದವರು. ಹಡಗಿಗೆ ಕಟ್ಟುವ ಅಪ್ಸೋ ಸೋನಾರ್ ಯೋಜನೆಯನ್ನು ಮುನ್ನಡೆಸಿದವರು. ಸೋನಾರ್ ಕೂಡ ಇದೇ ಲೆಕ್ಕ: ನೀರಿನಡಿ ಹಲವು ಕಿವಿಗಳು, ಅಲ್ಲಿಗೆ ಬಂದು ತಲುಪಿದ ಶಬ್ದದ ಸಣ್ಣ ಸಣ್ಣ ವ್ಯತ್ಯಾಸ, ಅದರಿಂದ ದಿಕ್ಕು. ಆಮೇಲೆ ಸ್ಟ್ಯಾನ್‌ಫೋರ್ಡ್‌ಗೆ ಹೋಗಿ ಥಾಮಸ್ ಕೈಲತ್ ಜೊತೆ ಸೇರಿ ಮೈಮೋ ಬಗ್ಗೆ, ಅಂದರೆ ಹಲವು ಆಂಟೆನಾಗಳಿಂದ ಒಟ್ಟಿಗೇ ಕಳಿಸಿ ಹಲವು ಆಂಟೆನಾಗಳಲ್ಲಿ ಪಡೆಯುವ ವಿಧಾನದ ಬಗ್ಗೆ, ಪೇಟೆಂಟ್ ಪಡೆದರು. 1994ರಲ್ಲಿ ಅದು ಮಂಜೂರಾಯಿತು. ಇವತ್ತಿನ ವೈಫೈ, 4ಜಿ, 5ಜಿ ಎಲ್ಲದರಲ್ಲೂ ಆ ಚಿಂತನೆ ಇದೆ.

ಆದರೂ 4ಜಿಯವರೆಗೆ ಹೆಚ್ಚಿನ ಟವರ್‌ಗಳು ಒಂದೊಂದು ದಿಕ್ಕಿಗೆ ಸುಮಾರು 120 ಡಿಗ್ರಿ ಅಗಲಕ್ಕೆ ಸಿಗ್ನಲ್ ಚೆಲ್ಲಿ ಕೂರುತ್ತಿದ್ದವು. ಅಷ್ಟರಲ್ಲೇ ಕೆಲಸ ನಡೆಯುತ್ತಿತ್ತು. ಬೀಮ್ ಬೇಕೇ ಬೇಕು ಅನ್ನೋ ಹಾಗಾದದ್ದು ಮೇಲಿನ ಫ್ರೀಕ್ವೆನ್ಸಿಗೆ ಹೋದಾಗ. 26 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಬರೀ 11.5 ಮಿ.ಮೀ. ಆಂಟೆನಾ ಅಷ್ಟೇ ಚಿಕ್ಕದು, ಅದಕ್ಕೆ ಸಿಗುವ ಶಕ್ತಿಯೂ ಅಷ್ಟೇ ಕಮ್ಮಿ. ಚಿಕ್ಕದಾದ್ದರಿಂದಲೇ ತುಂಬ ಜೋಡಿಸಬಹುದು. ಅರ್ಧ ಅಲೆಯ ಅಂತರದಲ್ಲಿ ಎಂಟು ಸಾಲು, ಸಾಲಿಗೆ ಎಂಟರಂತೆ 64 ಇಟ್ಟರೆ ಒಂದು ಬದಿ ಐದು ಸೆಂಟಿಮೀಟರಿಗೂ ಕಮ್ಮಿ. ಬೇಕಾದ ದಿಕ್ಕಿಗೆ 64 ಪಟ್ಟು, ಅಂದರೆ 18 ಡೆಸಿಬೆಲ್ ಲಾಭ. ಸ್ಯಾಮ್ಸಂಗ್ 2013ರಲ್ಲಿ 28 ಗಿಗಾಹರ್ಟ್ಸ್‌ನಲ್ಲಿ 64 ಆಂಟೆನಾ ಇಟ್ಟು ಸೆಕೆಂಡಿಗೆ 1 ಗಿಗಾಬಿಟ್‌ಗೂ ಮೇಲೆ ವೇಗ ತೋರಿಸಿದಾಗ, ಇದು ಮೊಬೈಲಿಗೆ ಆಗದ ಮಾತು ಎನ್ನುತ್ತಿದ್ದವರು ಸ್ವಲ್ಪ ಸುಮ್ಮನಾದರು.

ಲಾಭದ ಜೊತೆ ಒಂದು ತಲೆನೋವೂ ಬಂತು. ಬೀಮ್ ಈಗ ಸುಮಾರು 13 ಡಿಗ್ರಿಯಷ್ಟೇ ಅಗಲ. ಫೋನ್ ಎಲ್ಲಿದೆ ಅಂತ ಟವರ್‌ಗೆ ಹೇಗೆ ಗೊತ್ತಾಗಬೇಕು?

2018ರ 5ಜಿ ಮಾನದಂಡದ ಉತ್ತರ ಸರಳ: ಎಲ್ಲ ಕಡೆ ಒಂದೊಂದಾಗಿ ಹಾಯಿಸಿ ಕೇಳುವುದು. ಟವರ್ ಒಂದೊಂದು ದಿಕ್ಕಿಗೆ ಒಂದೊಂದು ನಂಬರಿನ ಗುರುತು ಸಿಗ್ನಲ್ ಕಳಿಸುತ್ತದೆ. 3 ಗಿಗಾಹರ್ಟ್ಸ್‌ವರೆಗೆ 4, ಅದರ ಮೇಲೆ 6 ಗಿಗಾಹರ್ಟ್ಸ್ ತನಕ 8, 26 ಗಿಗಾಹರ್ಟ್ಸ್ ತರಹದ ಮಿಲಿಮೀಟರ್ ಅಲೆಗಳಲ್ಲಿ 64 ಬೀಮ್‌ಗಳವರೆಗೆ ಅವಕಾಶ. ಇಡೀ ಸುತ್ತು 5 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು, ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಮತ್ತೆ ಶುರು. ಫೋನ್ ಪ್ರತಿಯೊಂದರ ಶಕ್ತಿ ಅಳೆದು, ಬಲವಾದ ಕೆಲವು ಬೀಮ್‌ಗಳ ನಂಬರು ಮತ್ತು ಅಳತೆ ವಾಪಸ್ ಕಳಿಸುತ್ತದೆ. ಕಿಟಕಿಯಲ್ಲಿ ಕೂಗುತ್ತಿದ್ದ ಮಗುವಿನ ಕೆಲಸ ಇದೇ. ಎಲ್ಲಕ್ಕಿಂತ ಬಲವಾದದ್ದರ ಅಳತೆ 1 ಡೆಸಿಬೆಲ್ ಲೆಕ್ಕದಲ್ಲಿ ಪೂರ್ತಿ ಹೋಗುತ್ತದೆ. ಉಳಿದವು ಅದಕ್ಕಿಂತ ಎಷ್ಟು ಕಮ್ಮಿ ಅನ್ನೋದಷ್ಟೇ, 2 ಡೆಸಿಬೆಲ್ ಮೆಟ್ಟಿಲಿನಲ್ಲಿ. ವರದಿಗೂ ಜಾಗ ದುಬಾರಿ, ಅಲ್ವಾ? ಇಷ್ಟಾದ ಮೇಲೆ ಟವರ್ ಆ ದಿಕ್ಕಿನಲ್ಲೇ ಇನ್ನೂ ತೆಳುವಾದ ಬೀಮ್‌ಗಳನ್ನು ಹಾಯಿಸಿ ನೋಡುತ್ತದೆ. ಮಿಲಿಮೀಟರ್ ಅಲೆಯ ಫೋನ್‌ನಲ್ಲೂ ಸಣ್ಣ ಆಂಟೆನಾ ಸಾಲು ಇರುವುದರಿಂದ ಅದೂ ತನ್ನ ಕಡೆಯಿಂದ ದಿಕ್ಕು ಹುಡುಕುತ್ತದೆ. ಟವರಿನ 64ಕ್ಕೂ ಫೋನಿನ 8 ದಿಕ್ಕು ಪರೀಕ್ಷಿಸಬೇಕಾದರೆ 512 ಜೋಡಿ. ಮೊದಲು ಅಗಲ, ಆಮೇಲೆ ತೆಳು ಅನ್ನೋ ಕ್ರಮ ಈ ಲೆಕ್ಕವನ್ನು ಕಮ್ಮಿ ಮಾಡಲಿಕ್ಕೆ.

ಬೀಮ್ ಫೋನ್ ಇರುವ ಕಡೆಗೇ ತಿರುಗುತ್ತದೆ ಅಂತ ಮಾತ್ರ ತಿಳಿಯಬೇಡಿ. ಶಕ್ತಿ ಜಾಸ್ತಿ ಸಿಗುವ ಕಡೆಗೆ ತಿರುಗುತ್ತದೆ. ಹಂಪನಕಟ್ಟೆಯಂಥ ಜಾಗದಲ್ಲಿ ಎದುರಿನ ಕಟ್ಟಡದ ಗಾಜಿಗೆ ಬಡಿದು ಬಂದ ಅಲೆಯೇ ಬಲವಾಗಿದ್ದರೆ ಟವರ್ ಗಾಜಿನ ಕಡೆ ಮುಖ ಮಾಡುತ್ತದೆ. ಒಂದು ಬಸ್ಸು ಅಡ್ಡ ಬಂದರೆ ಎಲ್ಲ ಬದಲಾಗುತ್ತದೆ. ಮಿಲಿಮೀಟರ್ ಅಲೆಗಾದರೆ ಫೋನ್ ಹಿಡಿದ ಕೈಯೇ ಸಾಕು. ಬಲವಾದ ಬೀಮ್ ಒಳ್ಳೇ ಬೀಮ್ ಆಗಿರಬೇಕೆಂದೂ ಇಲ್ಲ. ಅದೇ ದಿಕ್ಕಿನಿಂದ ಪಕ್ಕದ ಟವರಿನ ಗದ್ದಲವೂ ಬರುತ್ತಿರಬಹುದು. ಅದಕ್ಕೇ 2020ರಲ್ಲಿ ಬಂದ ಆವೃತ್ತಿಯಲ್ಲಿ ಶಕ್ತಿಯ ಜೊತೆಗೆ ಗದ್ದಲದ ಅಳತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ದಾರಿ ಮಾಡಿಕೊಟ್ಟರು.

ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಅದೇ ವರ್ಷದ ಹರಾಜಿನಲ್ಲಿ 26 ಗಿಗಾಹರ್ಟ್ಸ್ ಕೂಡ ಮಾರಾಟವಾಯಿತು. ಆದರೆ ನಮ್ಮ ಕೈಯ ಫೋನ್‌ಗಳಿಗೆ ಹೆಚ್ಚಾಗಿ ಸಿಗುವುದು 3.3 ಗಿಗಾಹರ್ಟ್ಸ್ ಸುತ್ತಮುತ್ತಲಿನದು ಮತ್ತು ಅದಕ್ಕಿಂತ ಕೆಳಗಿನದು. ಕದ್ರಿಯಲ್ಲೋ ಮಣಿಪಾಲದಲ್ಲೋ ಟವರ್ ಕಂಡರೆ ತಲೆ ಎತ್ತಿ ನೋಡಿ. ಉದ್ದನೆಯ, ಕಿರಿದಾದ ಹಳೇ ಪಟ್ಟಿಗಳ ಪಕ್ಕ ಗಿಡ್ಡಗೆ ಅಗಲವಾದ ಪೆಟ್ಟಿಗೆ ಇದ್ದರೆ, ಬೀಮ್ ತಿರುಗಿಸುವ ಆಂಟೆನಾ ಸಾಲು ಇರುವುದು ಬಹುಮಟ್ಟಿಗೆ ಅದರೊಳಗೇ.

ಕರಾವಳಿಯಲ್ಲಿ 26 ಗಿಗಾಹರ್ಟ್ಸ್ ಮಾತು ಬಂದ ಕೂಡಲೇ ಎಲ್ಲರೂ ಮಳೆಯನ್ನು ದೂರುತ್ತಾರೆ. ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಸುರಿಯುವ ಊರು, ಸಹಜವೇ. ಲೆಕ್ಕ ಹಾಕಿದರೆ ಬೇರೆ ಕಾಣುತ್ತದೆ. ಗಂಟೆಗೆ 50 ಮಿ.ಮೀ. ಬಡಿಯುವ ಮಳೆ ಕೂಡ ಒಂದು ಕಿಲೋಮೀಟರಿಗೆ ಕಳೆಯುವುದು ಸುಮಾರು 7-8 ಡೆಸಿಬೆಲ್. ಟವರ್ 200 ಮೀಟರಿನಲ್ಲಿದ್ದರೆ ಒಂದೂವರೆ ಡೆಸಿಬೆಲ್, ಅಷ್ಟೇ. ನಿಜವಾದ ತೊಂದರೆ ಮರಗಳದ್ದು. ಎಲೆ ತುಂಬಿದ ಒಂದೇ ಮರ ಹತ್ತು ಡೆಸಿಬೆಲ್‌ಗೂ ಜಾಸ್ತಿ ನುಂಗಬಹುದು, ಎಲೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಅದರ ಮೇಲೆ ತೆಂಗಿನ ಗರಿ ನಿಂತಲ್ಲಿ ನಿಲ್ಲುವುದಿಲ್ಲ. ಈ ಕ್ಷಣ ಅಳೆದ ಬೀಮ್ ಮುಂದಿನ ಗಾಳಿಗೆ ಕೆಟ್ಟಿರುತ್ತದೆ. ಹಾಗಾಗಿ ಅಳೆಯುವ ಕೆಲಸ ಇಲ್ಲಿ ಬಯಲು ಸೀಮೆಗಿಂತ ಜಾಸ್ತಿ ಸಲ ಆಗಬೇಕು. ಜಾಸ್ತಿ ಅಳೆದಷ್ಟೂ ಡೇಟಾಗೆ ಉಳಿಯುವ ಹೊತ್ತು ಕಮ್ಮಿ.

ಇದನ್ನು ತಪ್ಪಿಸಲು ಹೊರಟಿರುವ ಹೊಸ ದಾರಿ ಊಹೆ. ಮಾನದಂಡ ಬರೆಯುವ 3ಜಿಪಿಪಿ ಸಂಸ್ಥೆ ತನ್ನ 18ನೇ ಆವೃತ್ತಿಯಲ್ಲಿ ಇದನ್ನು ಅಧ್ಯಯನ ಮಾಡಿತು: 64ರಲ್ಲಿ ಕೆಲವನ್ನಷ್ಟೇ ಅಳೆದು, ಉಳಿದವು ಹೇಗಿರಬಹುದು ಅಂತ ಎಐ ಮಾದರಿಯಿಂದ ಹೇಳಿಸುವುದು, ಮುಂದಿನ ಕ್ಷಣಕ್ಕೆ ಯಾವುದು ಒಳ್ಳೆಯದು ಅಂತಲೂ ಊಹಿಸುವುದು. ಒಂದು ಕಡೆಯ ಲೆಕ್ಕದಲ್ಲಿ ಕಲಿತ ಮಾದರಿ ಬೇರೆ ಕಡೆ ಎಷ್ಟು ಸರಿ ಬರುತ್ತದೆ ಅನ್ನೋದು ಆ ಅಧ್ಯಯನದಲ್ಲೂ ಎದ್ದ ಪ್ರಶ್ನೆ. ಕಂಪ್ಯೂಟರ್ ಒಳಗೆ ಕಟ್ಟಿದ ಚೊಕ್ಕ ಬೀದಿಗಳಲ್ಲಿ ಕಲಿತದ್ದನ್ನು ಜುಲೈ ತಿಂಗಳಲ್ಲಿ ಕಾಪುವಿನ ತೆಂಗಿನ ತೋಟದ ನಡುವೆ ಇಟ್ಟರೆ ಏನಾಗಬಹುದು? ನನಗಂತೂ ಸಂಶಯವೇ. ಇಲ್ಲಿಗೆ ಆ ಮಾದರಿ ಬರುವ ಮೊದಲು, ಇಲ್ಲಿನ ಮಳೆಗಾಲದ ಅಳತೆಗಳನ್ನು ಅದಕ್ಕೆ ಉಣಿಸಬೇಕಾಗುತ್ತದೆ.