ಬೌಡ್ಲರೈಸ್: ಪುಸ್ತಕಕ್ಕೆ ಮಡಿ ಉಡಿಸುವ ಕ್ರಿಯಾಪದ

ಕಳೆದ ವರ್ಷ ನನ್ನ ಮೇಜಿಗೆ ಒಂದು ಅನುವಾದ ಬಂತು. ಇಂಗ್ಲಿಷಿನಿಂದ ಕನ್ನಡಕ್ಕೆ, ಮುನ್ನೂರು ಚಿಲ್ಲರೆ ಪುಟ. ಮಾಡಿದ್ದು ಹೊಸಬಳು, ಚುರುಕು ಹುಡುಗಿ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡುವುದು ನನ್ನ ಕೆಲಸ. ಒಂದು ಕಡೆ ಲೇಖಕಿ ತಮ್ಮ ಮೊದಲ ಕಾದಂಬರಿಗೆ ಏನಾಯಿತು ಅಂತ ಹೇಳಿಕೊಂಡಿದ್ದರು. ಕನ್ನಡದಲ್ಲಿ ಅದು ಹೀಗಿತ್ತು: 'ಶಾಲಾ ಮಕ್ಕಳಿಗಾಗಿ ನನ್ನ ಕಾದಂಬರಿಯನ್ನು ಸಂಕ್ಷಿಪ್ತಗೊಳಿಸಲಾಯಿತು. ಆ ಪ್ರತಿಯನ್ನು ನಾನು ಮನೆಯಲ್ಲೂ ಇಟ್ಟುಕೊಂಡಿಲ್ಲ.'

ಓದಿ ನಿಂತೆ. ಚಿಕ್ಕದು ಮಾಡಿದ್ದಕ್ಕೆ ಇಷ್ಟೊಂದು ಕೋಪವೇ? ಮೂಲ ತೆಗೆದು ನೋಡಿದೆ. ಅಲ್ಲಿ ಸಂಕ್ಷೇಪದ ಮಾತೇ ಇರಲಿಲ್ಲ. ಅಲ್ಲಿದ್ದದ್ದು 'ಬೌಡ್ಲರೈಸ್' ಎಂಬ ಕ್ರಿಯಾಪದ. ಬರಹದಲ್ಲಿ ಅಸಭ್ಯ ಅನ್ನಿಸಿದ ಮಾತುಗಳನ್ನು ಕಿತ್ತುಹಾಕುವುದು ಅಂತ ಅದರ ಅರ್ಥ.

ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಈ ಪದದ ಮುಂದೆ ಒಂದು ಗಳಿಗೆ ತಡವರಿಸುತ್ತಾರೆ. ಪದದ ಒಳಗೆ ಅರ್ಥದ ಸುಳಿವೇ ಇಲ್ಲ, ಅದು ಒಬ್ಬ ಮನುಷ್ಯನ ಹೆಸರು. ಬ್ರಿಟನ್ನಿನವರು ಬೌಡ್ಲರ್ ಅನ್ನುತ್ತಾರೆ, ಅಮೆರಿಕದವರು ಬೋಡ್ಲರ್ ಅನ್ನುತ್ತಾರೆ. ಕನ್ನಡದವರಿಗೆ ಅಮೆರಿಕದ ಉಚ್ಚಾರಣೆಯೇ ಅನುಕೂಲ ಅಂತ ನನಗನ್ನಿಸುತ್ತದೆ. ಬೋಡು ತಲೆ ನೆನಪಾಗುತ್ತದಲ್ಲ! ಬೋಡ್ಲರ್ ಪುಸ್ತಕದ ತಲೆ ಬೋಡು ಮಾಡಿದ. ಎರಡಕ್ಕೂ ಯಾವ ನಂಟೂ ಇಲ್ಲ, ಸುಮ್ನೆ ನೆನಪಿಟ್ಟುಕೊಳ್ಳೋಕೆ ಹೇಳಿದೆ.

ಕಥೆ ಶುರುವಾಗುವುದು ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ, ಬಾತ್ ಊರಿನ ಹತ್ತಿರದ ಒಂದು ಅನುಕೂಲಸ್ಥರ ಮನೆಯಲ್ಲಿ. ಸಂಜೆ ಹೊತ್ತು ಅಪ್ಪ ಶೇಕ್ಸ್‌ಪಿಯರನ ನಾಟಕ ಗಟ್ಟಿಯಾಗಿ ಓದುತ್ತಿದ್ದರು, ಹೆಂಡತಿ ಮಕ್ಕಳು ಸುತ್ತ ಕೂತು ಕೇಳುತ್ತಿದ್ದರು. ಅಪ್ಪ ಓದುತ್ತಾ ಓದುತ್ತಾ ಪೋಲಿ ಮಾತು ಬಂದ ಕಡೆ ಹಾರಿಸಿಬಿಡುತ್ತಿದ್ದರು. ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ದೊಡ್ಡವನಾದ ಮೇಲೆ ಮಗ ಡಾಕ್ಟರ್ ಥಾಮಸ್ ಬೌಡ್ಲರ್ ಇದನ್ನು ತುಂಬು ಅಭಿಮಾನದಿಂದ ನೆನೆದಿದ್ದಾರೆ. ಎಲ್ಲ ಮನೆಯಲ್ಲೂ ಅಂಥ ಜಾಣ ಅಪ್ಪ ಇರುವುದಿಲ್ಲವಲ್ಲ, ಅಂಥವರಿಗೆ ಮೊದಲೇ ಹಾರಿಸಿಟ್ಟ ಪುಸ್ತಕ ಕೊಟ್ಟರೆ ಹೇಗೆ ಎಂಬುದು ಅವರ ಯೋಚನೆ.

ನಮಗಿದೇನೂ ಹೊಸದಲ್ಲ. ಕಾಲೇಜಿನಲ್ಲಿ ಹಳಗನ್ನಡ ಕಾವ್ಯ ಓದಿದವರೆಲ್ಲ ಇದನ್ನು ಕಂಡಿದ್ದಾರೆ. ಶೃಂಗಾರದ ಪದ್ಯ ಬಂತೆಂದರೆ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. 'ಇವೆರಡನ್ನು ನೀವೇ ಓದಿಕೊಳ್ಳಿ, ಮುಂದಿನದು ಮುಖ್ಯ' ಅನ್ನುತ್ತಿದ್ದರು. ಇಡೀ ಕ್ಲಾಸು ಅವತ್ತು ರಾತ್ರಿ ಓದುತ್ತಿದ್ದದ್ದು ಆ ಎರಡನ್ನೇ.

ಆದರೆ ಈ ಕೆಲಸಕ್ಕೆ ಮೊದಲು ಕೈ ಹಾಕಿದ್ದು ಥಾಮಸ್ ಅಲ್ಲ, ಅವರ ಅಕ್ಕ ಹೆನ್ರಿಯೆಟಾ ಮರಿಯಾ. ಮನೆಯವರಿಗೆ ಹ್ಯಾರಿಯೆಟ್. ಮದುವೆಯಾಗದ, ದೈವಭಕ್ತಿಯ, ತುಂಬ ಓದಿಕೊಂಡಿದ್ದ ಹೆಂಗಸು. 1807ರಲ್ಲಿ ಬಾತ್‌ನಲ್ಲಿ 'ದಿ ಫ್ಯಾಮಿಲಿ ಶೇಕ್ಸ್‌ಪಿಯರ್' ನಾಲ್ಕು ಸಂಪುಟಗಳಲ್ಲಿ ಅಚ್ಚಾಯಿತು, ಇಪ್ಪತ್ತು ನಾಟಕ. ಮುಖಪುಟದಲ್ಲಿ ಸಂಪಾದಕರ ಹೆಸರಿಲ್ಲ. ಯಾಕಿಲ್ಲ? ಪೋಲಿ ಸಾಲು ಕಿತ್ತುಹಾಕಬೇಕೆಂದರೆ ಅದು ಪೋಲಿ ಅಂತ ಮೊದಲು ಅರ್ಥ ಆಗಿರಬೇಕು. ಮದುವೆಯಾಗದ ಮರ್ಯಾದಸ್ಥ ಹೆಂಗಸಿಗೆ ಅದೆಲ್ಲ ಅರ್ಥವಾಗುತ್ತದೆ ಅಂತ ಊರಿಗೆಲ್ಲ ಸಾರುವುದು ಆ ಕಾಲಕ್ಕೆ ಸಾಧ್ಯವಿರಲಿಲ್ಲ. ಆ ಮೇಲೆ ಪುಸ್ತಕ ತಮ್ಮನ ಹೆಸರಿಗೆ ಹೋಯಿತು. ಮೊದಲ ಕತ್ತರಿ ಅಕ್ಕನದು ಎಂಬುದು ಎಲ್ಲರಿಗೂ ತಿಳಿದದ್ದು ಇಪ್ಪತ್ತನೇ ಶತಮಾನದಲ್ಲಿ.

ಹ್ಯಾರಿಯೆಟ್ ಹೆಸರಿಲ್ಲದೆ ಬರೆಯುವುದರಲ್ಲಿ ಪಳಗಿದವರು. ಅವರು ಬರೆದ ಧರ್ಮೋಪದೇಶಗಳ ಪುಸ್ತಕವೂ ಹೀಗೇ ಹೆಸರಿಲ್ಲದೆ ಬಂದಿತ್ತು. ಲಂಡನ್ನಿನ ಬಿಷಪ್ ಪೋರ್ಟಿಯಸ್ ಅದನ್ನು ಓದಿ ಮೆಚ್ಚಿ, ಬರೆದವರು ಯಾರೋ ಪಾದ್ರಿ ಅಂದುಕೊಂಡು, ಅವರಿಗೊಂದು ಚರ್ಚಿನ ಹುದ್ದೆ ಕೊಡಲು ಹೊರಟಿದ್ದರಂತೆ! ಈ ಹೆಂಗಸಿನ ಹೆಸರಿನಲ್ಲಿ ಒಂದು ಕ್ರಿಯಾಪದ ಇರಬೇಕಿತ್ತು. ಇದೆ, ಆದರೆ ಜನ ಅದನ್ನು ತಮ್ಮನದು ಅಂದುಕೊಂಡರು.

1818ರಲ್ಲಿ ಥಾಮಸ್ ತಮ್ಮ ಹೆಸರು ಹಾಕಿಯೇ ದೊಡ್ಡ ಆವೃತ್ತಿ ತಂದರು. ಹತ್ತು ಸಂಪುಟ, 36 ನಾಟಕ. ಮೂಲಕ್ಕೆ ಏನನ್ನೂ ಸೇರಿಸಿಲ್ಲ, ಸಂಸಾರವಂದಿಗರ ಮುಂದೆ ಗಟ್ಟಿಯಾಗಿ ಓದಲಾಗದ ಮಾತುಗಳನ್ನಷ್ಟೇ ಬಿಟ್ಟಿದ್ದೇವೆ ಎಂಬುದು ಮುಖಪುಟದ ಭರವಸೆ. ನನ್ನ ಕಸುಬಿನವರಿಗೆ ಈ ವಾಕ್ಯ ನೋಡಿದರೆ ನಗು ಬರುತ್ತದೆ. ಬಿಡುವ ಕೆಲಸ ಬಿಡುವುದರಲ್ಲೇ ಎಂದೂ ನಿಲ್ಲುವುದಿಲ್ಲ. ಒಂದು ಪದ ಕಿತ್ತರೆ ಛಂದಸ್ಸಿನಲ್ಲಿ ಹಲ್ಲು ಬಿದ್ದ ಹಾಗೆ ಸಂದಿ ಕಾಣುತ್ತದೆ, ಅಲ್ಲಿ ಏನಾದರೂ ತುರುಕಲೇಬೇಕು. ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುತ್ತಾ ಕೈ ಉಜ್ಜಿಕೊಂಡು ಕಲೆಯನ್ನು ಶಪಿಸುತ್ತಾಳಲ್ಲ, 'ಔಟ್, ಡ್ಯಾಮ್ಡ್ ಸ್ಪಾಟ್' ಅಂತ? ಬೌಡ್ಲರ್ ಕೈಯಲ್ಲಿ ಅದು 'ಔಟ್, ಕ್ರಿಮ್ಸನ್ ಸ್ಪಾಟ್' ಆಯಿತು. ಹಾಳು ಕಲೆ ಹೋಗಿ ಕಡುಗೆಂಪು ಕಲೆ ಬಂತು. ಕೊಲೆಗಾತಿಯ ಸಂಕಟ ಬಟ್ಟೆ ಒಗೆಯುವವರ ತಾಪತ್ರಯವಾಯಿತು. ಒಥೆಲೋ ನಾಟಕದಲ್ಲಿ ಇಯಾಗೋ ನಾಯಕಿಯ ಅಪ್ಪನನ್ನು ನಡುರಾತ್ರಿ ಎಬ್ಬಿಸಿ, ನಿನ್ನ ಮಗಳೂ ಒಥೆಲೋನೂ ಸೇರಿ ಎರಡು ಬೆನ್ನಿನ ಪ್ರಾಣಿ ಆಗಿದ್ದಾರೆ ಅಂತ ಚುಚ್ಚುತ್ತಾನೆ. ಬೌಡ್ಲರ್ ಅದನ್ನು 'ಒಟ್ಟಿಗಿದ್ದಾರೆ' ಅಂತ ಮಾಡಿದರು. ಒಟ್ಟಿಗಿದ್ದರೆ ಇರಲಿ ಬಿಡಿ, ಅಷ್ಟಕ್ಕೆ ಆ ಮುದುಕ ಯಾಕೆ ಎದ್ದು ಓಡಬೇಕು? ಹ್ಯಾಮ್ಲೆಟ್ ನಾಟಕದ ಒಫೀಲಿಯಾ ಬೇಕೆಂದೇ ಸತ್ತಳೋ ಎಂಬ ಅನುಮಾನವೂ ಹೋಯಿತು, ಅವಳು ಆಕಸ್ಮಿಕವಾಗಿ ಮುಳುಗಿದಳು ಅಷ್ಟೆ. ನಾಲ್ಕನೇ ಹೆನ್ರಿಯ ಎರಡನೇ ಭಾಗದಲ್ಲಿ ಡಾಲ್ ಟೇರ್‌ಶೀಟ್ ಎಂಬ ಸೂಳೆ ಇದ್ದಾಳೆ. ಅವಳ ಮಾತನ್ನಲ್ಲ, ಅವಳನ್ನೇ ಎತ್ತಿ ಹೊರಗಿಟ್ಟರು.

ಒಥೆಲೋ ಮಾತ್ರ ಬೌಡ್ಲರ್‌ಗೂ ಪೂರ್ತಿ ದಕ್ಕಲಿಲ್ಲ. ಎಷ್ಟು ಒಗೆದರೂ ಇದು ಮನೆಮಂದಿಯ ಓದಿಗೆ ಒಗ್ಗುವುದಿಲ್ಲ, ಹಾಗಂತ ಇನ್ನೂ ಕತ್ತರಿಸಿದರೆ ನಾಟಕವೇ ಉಳಿಯುವುದಿಲ್ಲ ಎಂದು ಕೈ ಚೆಲ್ಲಿದರು. ಹಜಾರದಿಂದ ತೆಗೆದು ಒಳಕೋಣೆಯಲ್ಲಿಡಿ ಎಂಬುದು ಅವರ ಸಲಹೆ. ಆ ಮಾತಿಗಾಗಿ ನನಗೆ ಅವರ ಮೇಲೆ ಸ್ವಲ್ಪ ಗೌರವವಿದೆ. ಎಲ್ಲಿ ನಿಲ್ಲಿಸಬೇಕು ಅಂತ ಒಂದು ಕಡೆಯಾದರೂ ಅವರಿಗೆ ಗೊತ್ತಾಯಿತು.

ಇನ್ನೊಂದು ವಿಷಯ, ಪದಕ್ಕೆ ಸಂಬಂಧವಿಲ್ಲದ್ದು. ಥಾಮಸ್ ಒಳ್ಳೆಯ ಚೆಸ್ ಆಟಗಾರರೂ ಹೌದು. ಆ ಕಾಲದ ಮಹಾ ಆಟಗಾರ ಫಿಲಿಡೋರ್ ಜೊತೆ ಆಡಿದ್ದಾರೆ. 1788ರ ಒಂದು ಆಟದಲ್ಲಿ ಎರಡೂ ಆನೆ ಬಲಿ ಕೊಟ್ಟು ಗೆದ್ದಿದ್ದಾರೆ. ಸಿಸಿಲಿಯನ್ ಎಂಬ ಆಟದ ಆರಂಭದಲ್ಲಿ 'ಬೌಡ್ಲರ್ ಅಟ್ಯಾಕ್' ಎಂಬ ನಡೆ ಈಗಲೂ ಇದೆ. ಮೊಬೈಲಿನಲ್ಲಿ ಚೆಸ್ ಆಡುವ ಹುಡುಗರು ಅದನ್ನು ದಿನಾ ಆಡುತ್ತಾರೆ, ಯಾರ ಹೆಸರು ಅಂತ ಗೊತ್ತಿಲ್ಲದೆ.

ಥಾಮಸ್ ತೀರಿಕೊಂಡದ್ದು 1825ರಲ್ಲಿ. ಗಿಬ್ಬನ್ ಬರೆದ ರೋಮಿನ ಇತಿಹಾಸಕ್ಕೂ ಅವರು ಕತ್ತರಿ ಹಾಕಿಟ್ಟಿದ್ದರು, ಅದು ಮರುವರ್ಷ ಅಚ್ಚಾಯಿತು. ಅವರ ಹೆಸರು ಕ್ರಿಯಾಪದವಾಗಿ ಬರಹದಲ್ಲಿ ಮೊದಲು ಸಿಗುವುದು 1836ರಲ್ಲಿ. ಬಳಸಿದವರು ಪೆರೊನೆಟ್ ಥಾಂಪ್ಸನ್ ಎಂಬ ಪಾರ್ಲಿಮೆಂಟ್ ಸದಸ್ಯ, ಮೊದಲು ಸೈನ್ಯದಲ್ಲಿದ್ದವರು. ಸಂದರ್ಭವೂ ತಮಾಷೆಯದೇ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಹರ್ಮಿಸ್, ನಾರ್ಸಿಸಸ್ ಅಂತೆಲ್ಲ ಗ್ರೀಕ್ ದೇವತೆಗಳ, ಪುರಾಣದವರ ಹೆಸರಿಟ್ಟುಕೊಂಡ ಕ್ರೈಸ್ತರಿದ್ದಾರೆ. ಈಗಿನ ಅತಿ ಮಡಿವಂತರಾಗಿದ್ದರೆ ಅಂಥ ಹೆಸರುಗಳನ್ನೂ ಬೌಡ್ಲರೈಸ್ ಮಾಡುತ್ತಿದ್ದರೇನೋ ಅಂತ ಅವರು ಕುಟುಕಿದರು. ನಡುವೆ ಒಂದು ಅಡ್ಡಗೆರೆ ಹಾಕಿ ಬರೆದಿದ್ದರು. ಪದ ಇನ್ನೂ ಬೇಯುತ್ತಿತ್ತು, ಅಡ್ಡಗೆರೆ ಅದರ ಗುರುತು. ಮುಂದೆ ಗೆರೆ ಬಿತ್ತು, ದೊಡ್ಡಕ್ಷರವೂ ಬಿತ್ತು, ಬೌಡ್ಲರ್ ಎಂಬ ಮನುಷ್ಯನೂ ಮರೆತುಹೋದ.

ಹುಟ್ಟಿದಾಗಿನಿಂದಲೂ ಈ ಪದ ಬೈಗುಳವೇ. ಬಳಸುವವರು ಗಮನಿಸಬೇಕಾದ ಮೊದಲ ಸಂಗತಿ ಅದು. 'ನಾನು ಈ ಕಥೆಯನ್ನು ಬೌಡ್ಲರೈಸ್ ಮಾಡಿದ್ದೇನೆ' ಅಂತ ಹೆಮ್ಮೆಯಿಂದ ಯಾರೂ ಹೇಳುವುದಿಲ್ಲ. ಮಾಡಿದವರು ತಿದ್ದಿದೆ ಅನ್ನುತ್ತಾರೆ, ಸರಳಗೊಳಿಸಿದೆ ಅನ್ನುತ್ತಾರೆ. ಬೌಡ್ಲರೈಸ್ ಅನ್ನುವುದು ಆಚೆ ನಿಂತು ನೋಡುವವರು. ಹಾಗಾಗಿ ಮಾಡಿದವರನ್ನು ಹೇಳದೆ 'ಬೌಡ್ಲರೈಸ್ಡ್ ವರ್ಶನ್', 'ವಾಸ್ ಬೌಡ್ಲರೈಸ್ಡ್ ಫಾರ್ ಟೆಲಿವಿಷನ್' ಎಂಬ ರೂಪಗಳೇ ಜಾಸ್ತಿ ಕಾಣುತ್ತವೆ. ಕೆಲಸ ನಡೆಯುವುದು ಬರಹದ ಮೇಲೆ, ನಾಟಕ, ಹಾಡು, ಸಿನಿಮಾಗಳ ಮೇಲೆ. ಮನುಷ್ಯರನ್ನು ಬೌಡ್ಲರೈಸ್ ಮಾಡಲಾಗದು.

ಇದರ ನೆಂಟರನ್ನೂ ನೋಡಬೇಕು, ಎಡವುವುದು ಅಲ್ಲೇ. ಅಬ್ರಿಜ್ ಅಂದರೆ ಉದ್ದ ಕಡಿಮೆ ಮಾಡುವುದು, ಅಲ್ಲಿ ಅಳತೆಯ ಪ್ರಶ್ನೆ. ನಮ್ಮ ಹುಡುಗಿ ಜಾರಿದ್ದು ಇಲ್ಲಿಗೆ. ಸೆನ್ಸರ್ ಅಂದರೆ ಅಧಿಕಾರ ಇರುವವರು ತಡೆಯುವುದು, ಅದರ ಹಿಂದೆ ಸರ್ಕಾರವೋ ಮಂಡಳಿಯೋ ಇರುತ್ತದೆ. ಎಕ್ಸ್‌ಪರ್ಗೇಟ್ ಅರ್ಥದಲ್ಲಿ ತುಂಬ ಹತ್ತಿರದ್ದು. ಅದರ ಲ್ಯಾಟಿನ್ ಬೇರಿನಿಂದಲೇ ಪರ್ಜ್ ಬಂದಿದೆ, ಅಂದರೆ ಭೇದಿಗೆ ಕೊಡುವ ಔಷಧಿಯ ಮನೆತನ. ಆದರೆ ಎಕ್ಸ್‌ಪರ್ಗೇಟ್ ಗಂಭೀರ ಮುಖದ ಪದ, ಅದರಲ್ಲಿ ನಗೆ ಇಲ್ಲ. ಬೌಡ್ಲರೈಸ್ ಅಂದಾಗ ಕತ್ತರಿಸಿದ್ದು ಮಾತ್ರವಲ್ಲ, ದಡ್ಡತನದಿಂದ ಕತ್ತರಿಸಿದರು ಎಂಬ ತೀರ್ಪೂ ಜೊತೆಗೆ ಬರುತ್ತದೆ. ಇನ್ನೂ ಒಂದು ಎಳೆಯಿದೆ, ನನಗೆ ಅದೇ ಮುಖ್ಯ. ಸೆನ್ಸರ್ ಮಾಡುವವನಿಗೆ ಪುಸ್ತಕದ ಮೇಲೆ ಪ್ರೀತಿ ಇರಬೇಕಿಲ್ಲ. ಬೌಡ್ಲರ್ ಅಕ್ಕತಮ್ಮಂದಿರಿಗೆ ಶೇಕ್ಸ್‌ಪಿಯರ್ ಅಂದರೆ ಪ್ರಾಣ. ಪ್ರಾಣವಾದ್ದರಿಂದಲೇ ಸ್ನಾನ ಮಾಡಿಸಿದರು.

ಬೈದವರಷ್ಟೇ ಅಲ್ಲ, ಹೊಗಳಿದವರೂ ಇದ್ದಾರೆ. ಅದೂ ಯಾರು? ಕವಿ ಸ್ವಿನ್‌ಬರ್ನ್. ತನ್ನ ಕಾಲದ ಮಡಿವಂತರನ್ನು ಬೆಚ್ಚಿಬೀಳಿಸಿದ ಪದ್ಯಗಳನ್ನು ಬರೆದವನು. 1894ರಲ್ಲಿ ಅವನು, ಮಕ್ಕಳ ಕೈಗೆ ಶೇಕ್ಸ್‌ಪಿಯರನನ್ನು ಇಡಲು ದಾರಿ ಮಾಡಿದ ಈ ಮನುಷ್ಯನಿಗಿಂತ ದೊಡ್ಡ ಸೇವೆಯನ್ನು ಆ ಕವಿಗೆ ಯಾರೂ ಮಾಡಿಲ್ಲ ಎಂಬರ್ಥದಲ್ಲಿ ಬರೆದ. ಪದದ ಹಣೆಬರಹ ಮಾತ್ರ ಅದರಿಂದ ಬದಲಾಗಲಿಲ್ಲ. 2023ರ ಫೆಬ್ರುವರಿಯಲ್ಲಿ ರೋಲ್ಡ್ ಡಾಲ್ ಅವರ ಮಕ್ಕಳ ಪುಸ್ತಕಗಳಲ್ಲಿ 'ಫ್ಯಾಟ್' ಪದ ತೆಗೆದು 'ಎನಾರ್ಮಸ್' ಹಾಕಿದ್ದು ಸುದ್ದಿಯಾಯಿತಲ್ಲ, ದಪ್ಪ ಹುಡುಗ ಭಾರಿ ಹುಡುಗನಾದ. ಆಗ ಇಂಗ್ಲಿಷ್ ಪತ್ರಿಕೆಗಳು ಧೂಳು ಕೊಡವಿ ಹೊರಗೆ ತೆಗೆದದ್ದು ಇದೇ ಪದವನ್ನು. ಆಮೇಲೆ ಪ್ರಕಾಶಕರು ಮೂಲಪಾಠವನ್ನೂ ಬೇರೆಯಾಗಿ ತರುವುದಾಗಿ ಹೇಳಿದರು.

ಕನ್ನಡಕ್ಕೆ ಹೇಗೆ ತರುವುದು? ತಪ್ಪು ತಿಳಿಸಿದ ಮೇಲೆ ಆ ಹುಡುಗಿ ಫೋನ್ ಮಾಡಿದಳು. 'ಸರ್, ನಿಘಂಟಿನಲ್ಲಿ ಅಶ್ಲೀಲಾಂಶಗಳನ್ನು ತೆಗೆದುಹಾಕು ಅಂತಿದೆ, ಹಾಕಲಾ?' ಬೇಡ ಅಂದೆ. ಹಾಗೆ ಹಾಕಿದರೆ ಕಾದಂಬರಿಯಲ್ಲಿ ಅಶ್ಲೀಲ ಇತ್ತು ಅಂತ ಲೇಖಕಿಯೇ ಒಪ್ಪಿಕೊಂಡಂತಾಗುತ್ತದೆ. ಬೌಡ್ಲರೈಸ್ ಅನ್ನುವವರು ಅದನ್ನೇ ಒಪ್ಪುವುದಿಲ್ಲ. 'ಕತ್ತರಿ ಹಾಕಿದರು' ಅಂದರೆ ಸಿನಿಮಾದ ಸೆನ್ಸರ್ ನೆನಪಾಗುತ್ತದೆ. 'ಸೋಸಿದರು' ಅಂದರೆ ಕಸ ಹೋಗಿ ಒಳ್ಳೆಯದೇ ಆಯಿತು ಅನ್ನಿಸುತ್ತದೆ.

ನನಗೆ ಹೊಳೆದದ್ದು ಮಡಿ. ಮಡಿ ಮಾಡುವುದು ಅಂದರೆ ಬಟ್ಟೆ ಒಗೆಯುವುದು, ಮಡಿವಾಳ ಎಂಬ ಹೆಸರು ಅದರಿಂದಲೇ. ಮಡಿ ಉಡುವುದು ಅಂದರೆ ಮುಟ್ಟಿಸಿಕೊಳ್ಳದೆ ಶುದ್ಧವಾಗಿರುವುದು. ಮಡಿವಂತಿಕೆ ಅಂದಾಗ ಅದರಲ್ಲಿ ನಗೆಯೂ ಸೇರಿಕೊಂಡಿದೆ. ಒಗೆತ, ಶುದ್ಧದ ಹುಚ್ಚು, ನೋಡುವವರ ವ್ಯಂಗ್ಯ, ಮನೆಯೊಳಗಿನ ಹಿರಿಯರ ಕಾಳಜಿ ಎಲ್ಲ ಒಂದೇ ಪದದಲ್ಲಿದೆ. ಇಂಗ್ಲಿಷರು ಒಬ್ಬ ಡಾಕ್ಟರ ಹೆಸರು ಸಾಲ ತಂದು ಹೇಳಿದ್ದನ್ನು ನಮ್ಮ ಅಜ್ಜಿಯರು ಸೀರೆ ತುದಿಯಲ್ಲಿ ಕಟ್ಟಿಟ್ಟುಕೊಂಡಿದ್ದರು. 'ಪುಸ್ತಕಕ್ಕೆ ಮಡಿ ಉಡಿಸಿದರು' ಅಂತ ಹಾಕು ಅಂದೆ.

ಇದನ್ನು ಹೇಳುವಾಗ ನನ್ನ ಕೈಯೂ ಅಷ್ಟೇನೂ ಚೊಕ್ಕಟವಲ್ಲ. ವರ್ಷಗಳ ಹಿಂದೆ ಮಕ್ಕಳಿಗಾಗಿ ಜನಪದ ಕಥೆಗಳ ಪುಸ್ತಕವೊಂದನ್ನು ತಿದ್ದಿದ್ದೆ. ಅದರಲ್ಲಿ ಅಜ್ಜಿ ಮೊಮ್ಮಗನನ್ನು 'ಮುಂಡೇದೇ, ಬಾರೋ ಉಣ್ಣೋಕೆ' ಅಂತ ಕರೆಯುತ್ತಾಳೆ. ಕೇಳಿದರೆ ಬೈಗುಳ, ತುಂಬಿರುವುದು ಬರೀ ಮುದ್ದು. ನಾನು ಅದನ್ನು 'ಮಗುವೇ, ಊಟಕ್ಕೆ ಬಾ' ಅಂತ ಮಾಡಿದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಪುಸ್ತಕ ಕೈಗೆ ಬಂದ ದಿನ ಆ ಪುಟ ತೆರೆದರೆ ಅಜ್ಜಿ ಕಾಣೆಯಾಗಿದ್ದಳು. ಅಲ್ಲಿ ನಿಂತಿದ್ದವಳು ಆಕಾಶವಾಣಿಯ ಉದ್ಘೋಷಕಿ.

ಹುಡುಗಿಗೆ ಪದ ಹಿಡಿಸಿತು. 'ಆದ್ರೆ ಸರ್, ಮಡಿ ಅಂದ್ರೆ ಯಾರಿಗಾದ್ರೂ ಬೇಜಾರಾಗಲ್ವಾ?' ಅಂತ ಕೇಳಿದಳು. ಆದರೆ ಆಗಲಿ, ಮೂಲದಲ್ಲೂ ಅದು ಬೇಜಾರು ಮಾಡೋ ಪದವೇ ಅಂದೆ. ಪ್ರತಿ ಅಚ್ಚಿಗೆ ಹೋಯಿತು.

ಮೂರು ತಿಂಗಳ ಮೇಲೆ ಪುಸ್ತಕ ಬಂತು. ಮೊದಲು ಆ ಪುಟವನ್ನೇ ತೆರೆದೆ. 'ಶಾಲಾ ಮಕ್ಕಳಿಗಾಗಿ ನನ್ನ ಕಾದಂಬರಿಯನ್ನು ಪರಿಷ್ಕರಿಸಲಾಯಿತು' ಅಂತಿತ್ತು.